ಡೈಮಂಡ್ ಕುಳಿತ ಜಾಗ

ಹಿರೇಹಡಗಲಿ,
ಗುರುವಾರ, 24-11-2005

ಸಮತಾಳ ಅಪ್ಪನಿಗೆ ಪಕ್ಕೀರಮ್ಮ ಮಾಡುವ ನಮಸ್ಕಾರ.

ನೀವು ಅಲ್ಲಿ ಆರಾಮಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಬೆಂಗಳೂರಿನ ಥಂಡಿಗೆ ನಿಮ್ಮ ಕೆಮ್ಮು ಮತ್ತೆ ಎದ್ದಿದೆ ಎಂದು ಹೋದ ಸಲ ಫೋನಿನಲ್ಲಿ ದನಿಯಿಂದಲೇ ಗೊತ್ತಾಯಿತು, ಕೇಳಿದರೆ ಇಲ್ಲ ಅನ್ನುತ್ತೀರಿ. ಮೆಸ್ಸಿನ ಅನ್ನ ನಿಮಗೆ ಸೇರುವುದಿಲ್ಲ, ಅದೂ ಗೊತ್ತು. ಹೊಸ ಮರಿ ಹೇಗಿದೆ? ಕತ್ತಲಾದರೆ ಅಳುತ್ತದೆ, ಅದಕ್ಕೆ ಅದರ ಪಕ್ಕದಲ್ಲೇ ಮಲಗುತ್ತೇನೆ ಅಂದಿದ್ದಿರಿ. ಮದುವೆಯಾದ ಹೊಸದರಲ್ಲಿ ನಾನು ಅತ್ತಾಗ ಬ್ಯಾಗು ಎತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿದವರು ನೀವು. ನಾಯಿಮರಿಗಿರುವ ಪುಣ್ಯ ನನಗಿರಲಿಲ್ಲ ಬಿಡಿ. ಇದನ್ನು ನಗಿಸಲಿಕ್ಕೆ ಬರೆದೆ, ಬರೆದ ಮೇಲೆ ನನಗೇ ನಗು ಬರಲಿಲ್ಲ. ಕ್ಷೇಮ ಕೇಳದೆ ಸುದ್ದಿ ಬರೆಯಬಾರದು ಎಂದು ನಮ್ಮಪ್ಪ ಕಲಿಸಿದ್ದ, ಅದಕ್ಕೆ ಇಷ್ಟು. ಸಮತಾ ಆರಾಮಾಗಿದ್ದಾಳೆ, ನಿನ್ನೆಯಿಂದ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ನಾನೂ ಇದ್ದೇನೆ.

ಎರ್ರೆಮ್ಮತ್ತೆ ಹೋದಳು ಎಂದು ಉಚ್ಚಂಗೆಪ್ಪ ಭಾವನವರು ಸೋಮವಾರ ಮಂಜಣ್ಣನ ಎಸ್‌ಟಿಡಿ ಬೂತಿನಿಂದ ನಿಮಗೆ ಫೋನು ಮಾಡಿದಾಗ ನಾನು ಹೊರಗೆ ನಿಂತಿದ್ದೆ. ವಯಸ್ಸಾಗಿತ್ತು, ಭಾನುವಾರ ಹೋದಳು, ಮಣ್ಣು ಮಾಡಿದ್ದೂ ಆಯಿತು, ನೀನು ಟ್ರೈನಿಂಗು ಬಿಟ್ಟು ಬರಬೇಡ ಎಂದು ಹೇಳಿ ಇಟ್ಟುಬಿಟ್ಟರು. ನಿಮ್ಮಣ್ಣ ಹೇಳಿದ್ದು ಅರ್ಧ. ನಿಮ್ಮ ತಾಯಿ ಹೋದ ಮೇಲೆ ನಿಮ್ಮನ್ನು ಮಡಿಲಿಗೆ ಹಾಕಿಕೊಂಡು ಬೆಳೆಸಿದ ಸೋದರತ್ತೆ ವಯಸ್ಸಾಗಿ ಸಾಯಲಿಲ್ಲ. ಅವಳ ಹಿತ್ತಲ ಕೊಟ್ಟಿಗೆಯ ಅಟ್ಟದಲ್ಲಿ ಯಾರೋ ಹಂದಿ ಮದ್ದು ಬಚ್ಚಿಟ್ಟಿದ್ದರು. ಕಾಡುಹಂದಿ ಕಚ್ಚಿದರೆ ಬಾಯಿ ಸಿಡಿಯಲಿ ಎಂದು ಹಿಟ್ಟು ಮೆತ್ತಿ ಹೊಲದ ಬದುವಿಗೆ ಇಡುತ್ತಾರಲ್ಲ, ಆ ಉಂಡೆಗಳು. ಅವು ಸಿಡಿದು ಸತ್ತಳು. ಅವಳ ಮುಖ ನೋಡಲು ನನ್ನನ್ನು ಬಿಡಲಿಲ್ಲ. ನಿಮ್ಮನ್ನೂ ಬಿಡುತ್ತಿರಲಿಲ್ಲ. ಇದನ್ನು ಬೂತಿನಲ್ಲಿ ನಾಲ್ಕು ಜನರ ಎದುರು ಹೇಳಲಾರದೆ ಕಾಗದ ಬರೆಯುತ್ತಿದ್ದೇನೆ. ಕೂತುಕೊಂಡು ಓದಿರಿ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೂ ನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ, ಒಂದೊಂದಾಗಿ ಬರೆದರೇ ನನಗೂ ತಿಳಿಯಾಗುತ್ತದೆ. ಮೇ ತಿಂಗಳಲ್ಲಿ ನೀವು ಡೈಮಂಡನನ್ನು ಮನೆಗೆ ಕರೆತಂದಾಗ, ಪೊಲೀಸ್ ನಾಯಿ ರಿಟೈರಾಗಿ ಬಂದಿದೆ ಎಂದು ಊರಿಗೆ ಊರೇ ನೋಡಲು ಬಂದಿತ್ತು. ಕಳೆದ ಹೋತವನ್ನು ಹುಡುಕಿಕೊಡಲಿ ಎಂದು ಒಬ್ಬರು, ಕಿವಿಯೋಲೆ ಕದ್ದ ಸೊಸೆ ಯಾರೆಂದು ಹೇಳಲಿ ಎಂದು ಇನ್ನೊಬ್ಬರು. ಕಳ್ಳನನ್ನು ಕಂಡರೆ ಬೊಗಳಿ ಮೈಮೇಲೆ ಹಾರುತ್ತದೆ ಎಂದು ಹುಡುಗರು ದೂರ ನಿಂತಿದ್ದರು. ಅವನೋ ಸೊಂಟ ಬಿದ್ದ ಮುದುಕ, ಯಾರ ಮುಖವನ್ನೂ ನೋಡದೆ ಕಾಲು ಚಾಚಿ ಮಲಗಿಬಿಟ್ಟ. ಅವನು ಸ್ಕ್ವಾಡಿನಲ್ಲಿ ಏನು ಕೆಲಸ ಮಾಡುತ್ತಿದ್ದ, ಹೇಗೆ ಮಾಡುತ್ತಿದ್ದ ಎಂದು ನೀವು ನನಗೂ ಹೇಳಿದವರಲ್ಲ. ಇಲಾಖೆಯ ಮಾತು ಮನೆಯಲ್ಲಿ ಬೇಡ ಅಂದಿರಿ. ಒಂದು ಹಳದಿ ರಬ್ಬರ್ ಚೆಂಡನ್ನು ಪಡಸಾಲೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದಿರಿ. ಸಮತಾ ಆಡಲು ಕೇಳಿದ್ದಕ್ಕೆ, "ಅದು ಡೈಮಂಡ್ ಕೆಲಸ ಮಾಡಿದ್ರ ಕೊಡೋದವ್ವಾ. ಇಲ್ಲಿ ಅವಂಗ ಕೆಲಸ ಇಲ್ಲ," ಅಂದಿರಿ. ಜೂನ್‌ನಲ್ಲಿ ಹೊಸ ಮರಿಯ ಟ್ರೈನಿಂಗಿಗೆ ಹೊರಟುಹೋದಿರಿ.

ನೀವು ಹೋದ ಮೇಲೆ ಅವನು ಇಳಿದುಹೋದ. ಫೋನಿನಲ್ಲಿ ಚೆನ್ನಾಗಿದ್ದಾನೆ ಎನ್ನುತ್ತಿದ್ದೆ, ನಿಮಗೆ ಯಾಕೆ ಚಿಂತೆ ಎಂದು. ಗೋಡೆಯ ಕಡೆ ಮುಖ ಮಾಡಿ ಮಲಗುವುದು, ಮುಂಗಾಲನ್ನು ನೆಕ್ಕಿ ನೆಕ್ಕಿ ಹಸಿಗಾಯ ಮಾಡಿಕೊಳ್ಳುವುದು, ಎದ್ದರೆ ಸುಮ್ಮನೆ ಗಿರಗಿರ ಸುತ್ತುವುದು. ಹಾಲು ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಆಗ ಬಂದವರು ಡಾಕ್ಟರ್ ಸುಕನ್ಯಾ. ಪಶುವೈದ್ಯಕೀಯ ಕಾಲೇಜಿನಲ್ಲಿ ನಾಯಿಗಳ ನಡವಳಿಕೆಯ ಮೇಲೆ ಸಂಶೋಧನೆ ಮಾಡುತ್ತಿರುವವರು, ನಿಮ್ಮ ಸ್ಕ್ವಾಡಿನವರೇ ನಮ್ಮ ವಿಳಾಸ ಕೊಟ್ಟಿದ್ದರಂತೆ. ಕೊಟ್ಟೂರಿನ ಕಡೆಯ ಕುರಿನಾಯಿಗಳು, ಹರಪನಹಳ್ಳಿಯ ಗಿರಣಿಗಳಲ್ಲಿ ಸರಪಳಿಗೆ ಬಿಗಿದ ನಾಯಿಗಳು, ಹೀಗೆ ಕೆಲಸ ಇರುವ ನಾಯಿ, ಇಲ್ಲದ ನಾಯಿ ಎರಡನ್ನೂ ನೋಡಿ, ಅವುಗಳ ಮನಸ್ಸು ಹೇಗಿರುತ್ತದೆ, ಸುತ್ತಲಿನ ಜಾಗ ಬದಲಿಸಿದರೆ ಮನಸ್ಸು ಬದಲಾಗುತ್ತದೆಯೇ ಎಂದು ತಿಳಿಯುವುದು ಅವರ ಕೆಲಸ. ಬಂದವರು ಒಂದು ಮಾತಾಡದೆ ಬೆಳಗಿನಿಂದ ಕಟ್ಟೆಯ ಮೇಲೆ ಕೂತು ಡೈಮಂಡ್ ಮಲಗಿದ್ದನ್ನೇ ನೋಡಿದರು. ನಾಯಿ ಮಲಗಿದ್ದು ನೋಡಲಿಕ್ಕೆ ಸರ್ಕಾರ ಪಗಾರ ಕೊಡುತ್ತದಾ, ಹಾಗಾದರೆ ನನಗೂ ಒಂದು ನೌಕರಿ ಇರಲಿ ಎಂದು ಭಾವನವರು ಕಿಚಾಯಿಸಿದರು. ಡಾಕ್ಟರು ನಕ್ಕರು. ಆಮೇಲೆ ನನ್ನನ್ನು ಕರೆದು, ಇದು ರೋಗವಲ್ಲ, ಎಂಟು ವರ್ಷ ಮೂಗಿನಿಂದ ಬದುಕಿದವನಿಗೆ ಈಗ ಮೂಸಿ ನೋಡಲು ಏನೂ ಇಲ್ಲ, ಇದು ದುಃಖ ಅಂದರು. ನಾಯಿಗೆ ದುಃಖ ಎಂಬ ಮಾತನ್ನು ಓದಿದವರ ಬಾಯಿಂದ ನಾನು ಮೊದಲ ಸಲ ಕೇಳಿದ್ದು. ನೀವಿಲ್ಲದ ಮನೆಯಲ್ಲಿ ನನಗೂ ಆ ಮಾತು ಎಲ್ಲೋ ತಾಗಿತು.

ಅವರು ಹೇಳಿದ್ದೆಲ್ಲ ಸಣ್ಣ ಸಣ್ಣ ಕೆಲಸ. ರೊಟ್ಟಿಯನ್ನು ತಟ್ಟೆಯಲ್ಲಿ ಕೊಡಬೇಡಿ, ಮುರಿದು ಸೊಪ್ಪೆಯ ರಾಶಿಯಲ್ಲಿ ಚೆಲ್ಲಿ, ಹುಡುಕಿ ತಿನ್ನಲಿ. ತೆಂಗಿನ ಚಿಪ್ಪಿನಲ್ಲಿ ಬೆಲ್ಲ ಶೇಂಗಾ ಮೆತ್ತಿ ಕೊಡಿ. ಪುದೀನ, ಇಂಗು, ಕುರಿ ತುಪ್ಪಟ, ಒಂದೊಂದು ದಿನ ಒಂದೊಂದು ವಾಸನೆಯ ಬಟ್ಟೆ ಬಚ್ಚಿಡಿ. ತಿರುಗಾಡಲು ಹೋದಾಗ ನೀವು ಎಳೆಯಬೇಡಿ, ಯಾವ ಓಣಿ ಎಂದು ಅವನೇ ಆರಿಸಲಿ, ಎಷ್ಟು ಹೊತ್ತು ಬೇಕೋ ಮೂಸಲಿ. ಜನ ಕಾಣುವಲ್ಲಿ ಮಲಗಿಸಿ, ಯಾರಾದರೂ ಜೊತೆಗಿರಲಿ. ಊರಿನಲ್ಲಿ ಹೆಂಗಸರು ಮುಖ ಮುಚ್ಚಿಕೊಂಡು ನಕ್ಕರು, ಪಕ್ಕೀರಮ್ಮ ನಾಯಿಗೆ ಬಾಲವಾಡಿ ತೆಗೆದಿದ್ದಾಳೆ ಎಂದು. ನಗಲಿ ಬಿಡಿ. ದಸರಾ ಹೊತ್ತಿಗೆ ಕಾಲಿನ ಗಾಯ ಮಾಯ್ದು ಕೂದಲು ಬಂತು. ಜೊತೆಗೆ ಅಂತ ಎರ್ರೆಮ್ಮತ್ತೆ ಇದ್ದಳು. ಅವಳ ಬಾಯಿಗೆ ಡೈಮಂಡ್ ಎಂಬ ಹೆಸರು ಬರುತ್ತಿರಲಿಲ್ಲ, ಮೈಲಾರಿ ಎಂದು ಕರೆಯುತ್ತಿದ್ದಳು. ಕರಿ ಕಂಬಳಿ ಹೊದ್ದು ಮೈಲಾರಲಿಂಗನ ಸೇವೆ ಮಾಡುತ್ತಿದ್ದ ಗೊರವನ ಹೆಂಡತಿ ಅವಳು, ಅವಳಿಗೆ ಎಲ್ಲ ನಾಯಿಯೂ ಮೈಲಾರನದೇ. ಹಿತ್ತಲಲ್ಲಿ ಶೇಂಗಾ ಸುಲಿಯುತ್ತ ಕೂತರೆ ಅವನು ಅವಳ ಸೀರೆ ಸೆರಗಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದ. ನಿಮ್ಮ ಬಾಲ್ಯದ ಕಥೆಗಳನ್ನೆಲ್ಲ ಅವನಿಗೆ ಹೇಳಿದ್ದಾಳೆ. ನನಗೆ ಹೇಳದ್ದನ್ನೂ ಹೇಳಿದ್ದಾಳೆ, ಕದ್ದು ಕೇಳಿದ್ದೇನೆ.

ದೀಪಾವಳಿ ಆಗಿ ಎರಡು ವಾರಕ್ಕೆ, ಬುಧವಾರ ಬೆಳಿಗ್ಗೆ, ಅವನನ್ನು ಬಿಟ್ಟೆ. ಓಣಿಗೆ ಹೋಗಲಿಲ್ಲ. ನೆಲ ಮೂಸುತ್ತ, ಹಿತ್ತಲು ದಾಟಿ, ಅತ್ತೆಯ ಹಳೇ ಕೊಟ್ಟಿಗೆಯ ಬಾಗಿಲಿಗೆ ಹೋದ. ಆಕಳು ಮಾರಿದ ಮೇಲೆ ಅದು ಖಾಲಿ ಇತ್ತು, ಅಟ್ಟದ ಮೇಲೆ ಅವಳ ಗಂಡ, ತೀರಿಹೋದ ಗಾಳೆಪ್ಪ ಮಾವನ ಸಾಮಾನು ಮಾತ್ರ. ಬಾಗಿಲ ಸಂದಿಗೆ ಮೂಗಿಟ್ಟವನು ಹಾಗೇ ಕುಳಿತುಬಿಟ್ಟ. ಸೊಂಟ ನೋಯುವವನು ಹೇಗೆ ಕೂರುತ್ತಾನೆ ನಿಮಗೆ ಗೊತ್ತು, ಒಂದು ಕಡೆ ವಾಲಿಕೊಂಡು. ಅವತ್ತು ಹಾಗಲ್ಲ. ನೆಟ್ಟಗೆ, ಬಾಯಿ ಮುಚ್ಚಿ, ಕಿವಿ ಮುಂದೆ ಮಾಡಿ. ಬಾಗಿಲು ನೋಡುವುದು, ನನ್ನ ಕೈ ನೋಡುವುದು. ಮತ್ತೆ ಬಾಗಿಲು, ಮತ್ತೆ ನನ್ನ ಕೈ. ರೊಟ್ಟಿ ಬೇಕೇನೋ ಎಂದು ತಂದು ಹಿಡಿದೆ, ಮೂಸಿಯೂ ನೋಡಲಿಲ್ಲ. ಎಳೆದೆ, ಏಳಲಿಲ್ಲ. ಬಿಸಿಲೇರುವ ತನಕ ಕೂತಿದ್ದ. ಮಾರನೇ ದಿನ ಬಿಟ್ಟರೆ ಮತ್ತೆ ಅಲ್ಲೇ.

ಊರೆಂದ ಮೇಲೆ ಮಾತು ಹುಟ್ಟುತ್ತದೆ. ಬಾಗಿಲಿಗೆ ಮುಖ ಮಾಡಿ ಅನ್ನ ಬಿಟ್ಟು ಕೂತ ನಾಯಿ ಆ ಮನೆಯ ಸಾವನ್ನು ಕಾಣುತ್ತದೆ ಎಂದು ಪಂಚಾಯ್ತಿಯ ವೀರಭದ್ರಯ್ಯನವರೇ ಬಂದು ನೋಡಿ ಹೇಳಿದರು. ಭಾವನವರು ಕೋಲು ತಂದು ಅವನ ಬೆನ್ನಿಗೆ ಎರಡು ಬಿಟ್ಟು, ಮನೆಹಾಳ ನಾಯಿ, ಇನ್ನು ಮೇಲೆ ಇದನ್ನು ಬಿಡಬೇಡ ಎಂದು ಅಂಗಳದ ಕಂಬಕ್ಕೆ ಕಟ್ಟಿದರು. ಅವರು ನಾಯಿಗೆ ಹೊಡೆದದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ನಿಮ್ಮನ್ನು ಓದಿಸಲು ತಮ್ಮ ಮದುವೆಯನ್ನೇ ಬಿಟ್ಟವರು, ನನ್ನ ಮುಂದೆ ಎಂದೂ ದನಿ ಎತ್ತಿದವರಲ್ಲ, ಅವರಿಗೂ ಅತ್ತೆಯ ಚಿಂತೆ ಹತ್ತಿರಬೇಕು ಅಂದುಕೊಂಡೆ. ಶುಕ್ರವಾರ ನಾನು ಬೂತಿಗೆ ಹೋಗಿ ನಿಮಗೆ ಫೋನು ಮಾಡಿದ್ದು ಇದಕ್ಕೇ. ನೆನಪಿದೆಯಾ? ಡೈಮಂಡ್ ಅತ್ತೆಯ ಕೊಟ್ಟಿಗೆ ಮುಂದೆ ಕೂರುತ್ತಾನೆ, ಏಳುವುದಿಲ್ಲ, ಯಾಕೆ ಎಂದು ಕೇಳಿದೆ. ಹಿಂದೆ ಮರಿ ಕುಂಯ್‌ಗುಡುತ್ತಿತ್ತು, ಯಾರೋ ನಿಮ್ಮನ್ನು ಕೂಗುತ್ತಿದ್ದರು. "ಸೊಂಟ ನೋಯ್ತಿರಬೇಕು, ಕುಂತರ ಕುಂದರ್‍ಲಿ ಬಿಡು," ಅಂದಿರಿ. ಫೋನು ಇಟ್ಟಿರಿ. ನಿಮ್ಮ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಆದರೂ ಬರೆಯದೆ ಇರಲಾರೆ. ಆ ಮಾತು ಭಾನುವಾರದಿಂದ ಕಿವಿಯಲ್ಲೇ ಇದೆ.

ಎರ್ರೆಮ್ಮತ್ತೆ ಮಾತ್ರ ಹೆದರಲಿಲ್ಲ. ಊರೆಲ್ಲ ಅಪಶಕುನ ಅಂದರೆ ಅವಳು ಅದನ್ನು ಬೇರೆಯೇ ಓದಿದಳು. ಅಟ್ಟದ ಮೇಲೆ ಮಾವನ ಕರಿ ಕಂಬಳಿ, ಡಮರು, ದೋಣಿ ಇದ್ದವು. ಅದೇ ದೋಣಿ, ಮಾವ ಮೈಲಾರನ ನಾಯಿಯಾಗಿ ಬೊಗಳಿ, ಮೊಣಕಾಲೂರಿ, ಕೈ ತಾಗಿಸದೆ ಬಾಯಿಂದಲೇ ಹಾಲು ಬಾಳೆಹಣ್ಣು ತಿನ್ನುತ್ತಿದ್ದ ಮರದ ಬಟ್ಟಲು. ನೀವು ಚಿಕ್ಕವರಿದ್ದಾಗ ಅದನ್ನು ನೋಡಿ ಹೆದರಿ ಅವಳ ಸೀರೆಯೊಳಗೆ ಹೊಕ್ಕಿದ್ದಿರಂತೆ. ಮಾವ ಸತ್ತ ಮೇಲೆ ಆ ದೋಣಿ ಕೆಳಗೆ ಇಳಿದಿಲ್ಲ, ಸೇವೆ ನಿಂತುಹೋಗಿದೆ, ಅದಕ್ಕೇ ಮೈಲಾರಲಿಂಗ ತನ್ನ ನಾಯಿಯನ್ನು ಕಳಿಸಿದ್ದಾನೆ ಎಂದು ಅವಳ ಲೆಕ್ಕ. "ಇದು ಸಾವು ಕರಿಯಾಕ ಬಂದಿಲ್ಲವ್ವಾ. ದೋಣಿ ಕೇಳಾಕ ಬಂದೈತಿ," ಅಂದಳು. ಶನಿವಾರ ನನ್ನಿಂದ ಬಾಳೆಹಣ್ಣು ತರಿಸಿದಳು. ಭಂಡಾರಕ್ಕೆ ಅರಿಶಿಣ ಕುಟ್ಟಿಸಿದಳು. ಭಾನುವಾರ ಮೈಲಾರನ ವಾರ, ಅವತ್ತೇ ದೋಣಿ ಇಳಿಸಿ ತೊಳೆದು ಮೈಲಾರಿಗೆ ಹಾಲು ಹಣ್ಣು ಇಡುತ್ತೇನೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅಷ್ಟು ಹುರುಪಿನಲ್ಲಿ ಅವಳನ್ನು ನೋಡಿ ವರ್ಷಗಳಾಗಿದ್ದವು. ನಾನೂ ಖುಷಿಯಿಂದ ಹಾಲು ಕಾಯಿಸಿ ಇಟ್ಟೆ.

ಭಾನುವಾರ ಮಡಿಯುಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು, ಏಣಿ ಹಾಕಿಕೊಂಡು ಅವಳೇ ಹತ್ತಿದಳು. ನಾನು ಹತ್ತುತ್ತೇನೆ ಅಂದರೆ ಗೊರವನ ಸಾಮಾನು ಬೇರೆಯವರು ಮುಟ್ಟಬಾರದು ಎಂದು ಬಿಡಲಿಲ್ಲ. ಹಾಲು ತರಲು ನಾನು ಒಳಗೆ ಹೋಗಿದ್ದೆ. ಅಂಗಳದ ಕಂಬಕ್ಕೆ ಕಟ್ಟಿದ್ದ ಡೈಮಂಡ್ ಒಂದೇ ಸಮನೆ ಹಗ್ಗ ಜಗ್ಗುತ್ತಿದ್ದ. ಬೊಗಳಲಿಲ್ಲ. ಆ ಶಬ್ದ ಆದಾಗ ಹಾಲಿನ ಪಾತ್ರೆ ನನ್ನ ಕೈಯಿಂದ ಬಿತ್ತು. ಹೋಗಿ ನೋಡಿದರೆ ಕೊಟ್ಟಿಗೆಯ ಮಾಡು ಇರಲಿಲ್ಲ. ಬಾಳೆಹಣ್ಣಿನ ಬುಟ್ಟಿ ಹೊಸ್ತಿಲಲ್ಲಿ ಹಾಗೇ ಇತ್ತು. ಉಳಿದದ್ದನ್ನು ನಾನು ಬರೆಯುವುದಿಲ್ಲ.

ಠಾಣೆಯವರು ಬಂದು, ಉಂಡೆಗಳು ದೋಣಿಯೊಳಗೇ ಇದ್ದವು, ಅವಳು ಎತ್ತಿದಾಗ ಉರುಳಿ ಬಿದ್ದಿವೆ ಅಂದರು. ಸತ್ತ ಗೊರವನ ದೋಣಿಗೆ ಯಾರೂ ಕೈ ಹಾಕುವುದಿಲ್ಲ ಎಂದು ಬಲ್ಲವರೇ ಅದರಲ್ಲಿ ಇಟ್ಟಿದ್ದಾರೆ, ಅಂದರೆ ಈ ಊರಿನವರೇ. ಯಾರೂ ಬಾಯಿ ಬಿಡಲಿಲ್ಲ. ಭಾವನವರು ಮುಂದೆ ಬಂದು, ಗಾಳೆಪ್ಪ ಮಾವನೇ ಹಿಂದೆ ಯಾವಾಗಲೋ ಇಟ್ಟಿರಬೇಕು, ಅವನಿಗೆ ಬೇಟೆಯ ಚಟ ಇತ್ತು ಅಂದರು. ಠಾಣೆಯವರು ಸದ್ಯಕ್ಕೆ ಹಾಗೇ ಬರೆದುಕೊಂಡು ಹೋದರು. ಇರುವೆಗೆ ಸಕ್ಕರೆ ಹಾಕುತ್ತಿದ್ದ ಮಾವನಿಗೆ ಬೇಟೆಯ ಚಟ! ಸತ್ತವನು ಬಂದು ಅಲ್ಲ ಅನ್ನಲಾರ. ನನಗೆ ಮೈ ಉರಿಯಿತು, ಆದರೆ ಗಂಡಸರ ನಡುವೆ ಭಾವನವರ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನಿತ್ತು? ಇನ್ನು ಊರಿಗೆ ಉಳಿದದ್ದು ನಾಯಿ. ಶಕುನ ನಿಜವಾಯಿತು, ಇದು ಎಲ್ಲಿ ಕೂತರೆ ಅಲ್ಲಿ ಹೆಣ ಬೀಳುತ್ತದೆ, ಒಂಬತ್ತನೇ ದಿನದ ಕಾರ್ಯದೊಳಗೆ ಇದನ್ನು ಊರಿನಲ್ಲಿ ಇಲ್ಲದಂತೆ ಮಾಡಬೇಕು ಎಂದು ವೀರಭದ್ರಯ್ಯನವರು ಹೇಳಿದರು. ಹಡಗಲಿಯಿಂದ ವಿಷ ನಾನೇ ತರುತ್ತೇನೆ ಎಂದು ಭಾವನವರು ಒಪ್ಪಿಕೊಂಡಿದ್ದಾರೆ. ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಭಾನುವಾರದಿಂದ ಮನೆಯಲ್ಲಿ ನನಗೆ ಬಹಳ ಆಸರೆಯಾಗಿದ್ದಾರೆ. ಕಣಜದಿಂದ ಜೋಳ ತೆಗೆಯುವುದನ್ನೂ ನನಗೆ ಬಿಡುತ್ತಿಲ್ಲ, ಇಲಿ ಸೇರಿವೆ, ನೀ ಕೈ ಹಾಕಬೇಡ ಎಂದು ತಾವೇ ತೆಗೆದುಕೊಡುತ್ತಾರೆ.

ಮಂಗಳವಾರ ಡಾಕ್ಟರ್ ಸುಕನ್ಯಾ ತಮ್ಮ ತಿಂಗಳ ಭೇಟಿಗೆಂದು ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಎಲ್ಲ ಕೇಳಿ ಡೈಮಂಡನ ಹತ್ತಿರ ಹೋಗಿ ಕೂತರು. ಅವನು ಮತ್ತೆ ಗೋಡೆಗೆ ಮುಖ ಮಾಡಿದ್ದಾನೆ, ಮುಂಗಾಲಿನ ಗಾಯ ಮತ್ತೆ ಬಾಯಿ ತೆರೆದಿದೆ, ಅವರು ಕರೆದರೂ ಕಿವಿ ಆಡಿಸಲಿಲ್ಲ. ಕೊಟ್ಟಿಗೆ ಮುಂದೆ ಹೇಗೆ ಕೂತಿದ್ದ ತೋರಿಸಿ ಅಂದರು. ನಾನು ನಾಚಿಕೆ ಬಿಟ್ಟು ನೆಲದ ಮೇಲೆ ಕೂತು ತೋರಿಸಿದೆ, ಬೆನ್ನು ಹೇಗಿತ್ತು, ಬಾಯಿ ಹೇಗಿತ್ತು, ಬಾಗಿಲು ನೋಡಿ ನನ್ನ ಕೈ ನೋಡುತ್ತಿದ್ದದ್ದು. "ದುಃಖದಲ್ಲಿರೋ ನಾಯಿ ಹಾಗೆ ಕೂರಲ್ಲ, ಪಕ್ಕೀರಮ್ಮ. ಅದು ಯಾರೋ ಕಲಿಸಿದ್ದು. ಏನು ಕಲಿಸಿದ್ದು ಅಂತ ಕಲಿಸಿದವರೇ ಹೇಳಬೇಕು," ಅಂದರು. ನಾಯಿಯ ಮನಸ್ಸನ್ನು ಓದಬಹುದು, ಆದರೆ ಒಬ್ಬ ಮನುಷ್ಯನೂ ಒಂದು ನಾಯಿಯೂ ಎಂಟು ವರ್ಷದಲ್ಲಿ ಕಟ್ಟಿಕೊಂಡ ಮಾತು ಹೊರಗಿನವರಿಗೆ ತಿಳಿಯುವುದಿಲ್ಲ ಎಂದೂ ಹೇಳಿದರು. ಹೋಗುವಾಗ ಅವರ ಕಣ್ಣಲ್ಲಿ ನೀರಿತ್ತು. ನಾನೇ ಅಲ್ಲವೇ ಅವನನ್ನು ಮೂಸಲು ಬಿಡಿ ಎಂದು ಹೇಳಿದ್ದು ಅಂದರು. ಅವರನ್ನು ನಾನೇ ಸಮಾಧಾನ ಮಾಡಿ ಬಸ್ಸು ಹತ್ತಿಸಿದೆ. ಅವನನ್ನು ಮೂಸಲು ಬಿಟ್ಟದ್ದು ತಪ್ಪಲ್ಲ, ಅವನು ಮೂಸಿ ಹೇಳಿದ್ದನ್ನು ನಾವು ಕೇಳಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಸುತ್ತುತ್ತಿದೆ. ನೀವು ನೇರವಾಗಿ ಹೇಳಬೇಕು. ಡೈಮಂಡ್ ಕಳ್ಳರನ್ನು ಹಿಡಿಯುವ ನಾಯಿ ಅಲ್ಲ, ಮದ್ದು ಹುಡುಕುವ ನಾಯಿ, ಹೌದೋ ಅಲ್ಲವೋ? ಸಿಕ್ಕಾಗ ಬೊಗಳಬಾರದು, ಮುಟ್ಟಬಾರದು, ಸುಮ್ಮನೆ ಕೂರಬೇಕು ಎಂದು ನೀವೇ ಕಲಿಸಿದ್ದಿರಾ? ಅವನು ನನ್ನ ಕೈ ನೋಡುತ್ತಿದ್ದದ್ದು ರೊಟ್ಟಿಗಲ್ಲ, ಟ್ರಂಕಿನಲ್ಲಿ ಬೀಗ ಹಾಕಿಟ್ಟ ಆ ಹಳದಿ ಚೆಂಡಿಗಾ? ಹೌದಾದರೆ ಅವನು ಬುಧವಾರ ಹೇಳಿದ, ಗುರುವಾರ ಹೇಳಿದ, ಹೇಳಿದ್ದಕ್ಕೆ ಪೆಟ್ಟು ತಿಂದ. ಈ ಕಾಗದ ಮುಟ್ಟಿದ ಕೂಡಲೇ ಮಂಜಣ್ಣನ ಬೂತಿಗೆ ಫೋನು ಮಾಡಿರಿ, ವೀರಭದ್ರಯ್ಯನವರನ್ನು ಕರೆಸಿ ನಿಮ್ಮ ಬಾಯಿಂದಲೇ ಹೇಳಿರಿ, ಆ ಕೂರುವಿಕೆಗೆ ಅರ್ಥ ಏನು ಎಂದು. ಇಲಾಖೆಯ ಗುಟ್ಟು ಎಂದು ಸುಮ್ಮನಿರಬೇಡಿ. ಅವನನ್ನು ಕದ್ದು ಕೋಗಳಿಗೆ ನಮ್ಮ ಅಮ್ಮನ ಮನೆಗೆ ಸಾಗಿಸಬಹುದು, ಅವನ ಜೀವ ಉಳಿಯುತ್ತದೆ. ಆದರೆ ನಾಯಿ ಕರೆದು ಎರ್ರೆಮ್ಮ ಹೋದಳು, ಗಾಳೆಪ್ಪನ ಮದ್ದು ಅವನ ಹೆಂಡತಿಯನ್ನೇ ತಿಂದಿತು ಎಂಬ ಮಾತು ಊರಿನಲ್ಲಿ ಉಳಿದುಹೋಗುತ್ತದೆ, ಇಟ್ಟವನು ಹಾಯಾಗಿ ತಿರುಗುತ್ತಾನೆ. ಅದು ನನ್ನಿಂದ ಸಹಿಸಲಾಗದು.

ಬೇಗ ಫೋನು ಮಾಡಿರಿ. ಕೆಮ್ಮಿಗೆ ಶುಂಠಿ ನೀರು ಕುಡಿಯಿರಿ, ಮರಿಯ ತಲೆ ಸವರಿದ್ದೇನೆ ಎಂದು ಹೇಳಿರಿ. ಅತ್ತೆಗಾಗಿ ಅಳಬೇಕೆನಿಸಿದರೆ ಅತ್ತುಬಿಡಿ, ಅಲ್ಲಿ ನೋಡುವವರು ಯಾರೂ ಇಲ್ಲ. ಸಮತಾ ನಿಮಗೆ ನಮಸ್ಕಾರ ಹೇಳಿದ್ದಾಳೆ, ಅಜ್ಜಿ ಎಲ್ಲಿ ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ಮೈಲಾರಲಿಂಗ ನಿಮ್ಮನ್ನು ಕಾಯಲಿ.

ನಿಮ್ಮ ಮನೆಯಲ್ಲಿ ನಿಮ್ಮ ದಾರಿ ಕಾಯುವ,
ಪಕ್ಕೀರಮ್ಮ

ತಾ.ಕ. — ಇದನ್ನು ಠಾಣೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ಕಾಗದ ಅಂಟಿಸುವ ಮೊದಲು ಡೈಮಂಡನನ್ನು ಹೊರಗೆ ಬಿಡೋಣ ಎಂದು ಹಗ್ಗ ಬಿಚ್ಚಿದೆ. ಭಾನುವಾರದಿಂದ ಏಳದವನು ಎದ್ದ. ಹೊರಗೆ ಹೋಗಲಿಲ್ಲ, ಮನೆಯೊಳಗೆ ಬಂದ. ಅಡುಗೆಮನೆ ದಾಟಿ ನಡುಮನೆಯ ಜೋಳದ ಕಣಜದ ಮುಂದೆ, ಸಮತಾ ಹಾಸಿಕೊಂಡು ಮಲಗುವ ಜಾಗದಲ್ಲಿ, ಕುಳಿತ. ನೆಟ್ಟಗೆ. ಬಾಯಿ ಮುಚ್ಚಿ. ಕಣಜ ನೋಡಿದ, ನನ್ನ ಕೈ ನೋಡಿದ. ಆ ಕಣಜಕ್ಕೆ ಶನಿವಾರದ ರೊಟ್ಟಿಗೆ ನಾನೇ ಕೈ ಹಾಕಿದ್ದೆ, ಭಾನುವಾರದಿಂದ ಅದಕ್ಕೆ ಕೈ ಹಾಕಿದವರು ಒಬ್ಬರೇ. ಅತ್ತೆ ದೋಣಿ ಇಳಿಸುತ್ತೇನೆ ಎಂದು ಓಣಿಗೆಲ್ಲ ಹೇಳಿದ ಮೇಲೆ ಉಂಡೆಗಳಲ್ಲಿ ಅರ್ಧ ತೆಗೆದು ಇಲ್ಲಿ ತಂದಿಟ್ಟಿದ್ದಾರೆ, ಉಳಿದರ್ಧಕ್ಕೆ ಹೊತ್ತು ಸಿಕ್ಕಿಲ್ಲ. ಅವಳಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಈಗ ಅವರು ವಿಷ ತರಲು ಹಡಗಲಿಗೆ ಹೋಗಿದ್ದಾರೆ. ನಾನು ಏನನ್ನೂ ಮುಟ್ಟಿಲ್ಲ. ಪಕ್ಕದ ಮನೆಯವರನ್ನು ಹೊರಗೆ ಕಳಿಸಿದೆ, ಬಾಗಿಲಿಗೆ ಬೀಗ ಹಾಕಿದೆ, ಶಾಲೆಯಿಂದ ಸಮತಾಳನ್ನು ಕರೆದುಕೊಂಡು ಬಂದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಬಂದ ಕೂಡಲೇ ಹೆಸರು ನಾನೇ ಹೇಳುತ್ತೇನೆ. ಅವರು ನಿಮ್ಮನ್ನು ಓದಿಸಿದವರು ಎಂಬುದು ನೆನಪಿದೆ. ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಮೇಲೆ ಕೇಳಿದ ಪ್ರಶ್ನೆಗಳಿಗೆ ಈಗ ಉತ್ತರ ಬೇಕಾಗಿಲ್ಲ. ಇನ್ನೊಂದು: ಕಣಜವಿರುವ ಮನೆಯಲ್ಲಿ ಬಡಿಯಲು ಹೆದರಿ ನಿಮ್ಮ ಟ್ರಂಕನ್ನು ಊರ ಹೊರಗಿನ ಬಯಲಿಗೆ ಹೊತ್ತೊಯ್ದು ಕಲ್ಲಿನಿಂದ ಬೀಗ ಒಡೆದೆ. ಚೆಂಡನ್ನು ಅವನಿಗೆ ಕೊಟ್ಟೆ. ಬಾಯಲ್ಲಿ ಹಿಡಿದುಕೊಂಡು ನನ್ನ ಕಾಲ ಹತ್ತಿರ ಮಲಗಿದ್ದಾನೆ, ಗೋಡೆಯ ಕಡೆ ಮುಖ ಮಾಡಿಲ್ಲ.